ಗೆಳೆಯರನ್ನು ಬಿಟ್ಟು ಗಿಮ್ನಾಜಿಯಂ ಶಾಲೆಗೆ ಹೋಗಲ್ಲ ಅಂತಾನೆ ಮಗ: ಜರ್ಮನಿಯಲ್ಲಿರುವವರು ದಯವಿಟ್ಟು ದಾರಿ ಹೇಳಿ

ನೆಕ್ಕರ್_ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಲ್ಲಿದ್ದೇವೆ. ಮಗನಿಗೆ 16, ರಿಯಾಲ್‌ಶೂಲೆಯಲ್ಲಿ (ಹತ್ತಕ್ಕೆ ಮುಗಿಯುವ ಮಧ್ಯಮ ದರ್ಜೆಯ ಶಾಲೆ) ಹತ್ತನೇ ತರಗತಿ. ಬೇಸಿಗೆಗೆ ಆ ಶಾಲೆ ಮುಗಿಯುತ್ತೆ. ಮುಂದೇನು ಅನ್ನುವ ವಿಷಯಕ್ಕೆ ಅಪ್ಪ ಮಗ ಮಾತು ಬಿಟ್ಟಿದ್ದಾರೆ. ಇಬ್ಬರ ನಡುವೆ ನಾನು.

ಯಜಮಾನರಿಗೆ ಬ್ಲೂ ಕಾರ್ಡ್ (ಓದಿದ ನುರಿತ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಸಿಕ್ಕಿ ನಾವು ಬಂದಾಗ ಅವನಿಗೆ ಹತ್ತು ತುಂಬಿತ್ತು. ಜರ್ಮನ್ ಒಂದಕ್ಷರ ಬರ್ತಿರಲಿಲ್ಲ. ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸುವ ಫೋರ್‌ಬೆರೈಟುಂಗ್ಸ್‌ಕ್ಲಾಸೆಗೆ ಹಾಕಿದರು. ಅಲ್ಲಿ ಅವನ ಪಕ್ಕ ಕೂತವನು ಇರಾಕಿನಿಂದ ಬಂದ ಹುಡುಗ. ಆಮೇಲೆ ಇನ್ನಿಬ್ಬರು ಸೇರಿದರು. ಒಬ್ಬನ ಅಜ್ಜ ಟರ್ಕಿಯಿಂದ ಕೂಲಿಗೆ ಬಂದವರು, ಇನ್ನೊಬ್ಬ ಕ್ರೊಯೇಷಿಯಾದವನು. ನನ್ನ ಮಗ ತಪ್ಪು ತಪ್ಪಾಗಿ ಮಾತಾಡಿದರೆ ನಗದೆ ತಿದ್ದಿದವರು ಇವರೇ. ಬಸ್ಸಿನಲ್ಲಿ ದೊಡ್ಡ ಹುಡುಗರು ಅವನ ಬಣ್ಣದ ಬಗ್ಗೆ ಆಡಿಕೊಂಡಾಗ ಅಡ್ಡ ನಿಂತು, ಅದಕ್ಕಾಗಿ ಶಾಲೆಯಲ್ಲಿ ಶಿಕ್ಷೆ ಅನುಭವಿಸಿದವನು ಟರ್ಕಿ ಮನೆಯ ಹುಡುಗ. ಅದನ್ನು ನಾನು ಮರೆಯೋಕೆ ಸಾಧ್ಯವಿಲ್ಲ.

ಈಗ ತರಗತಿ ಟೀಚರ್ ಕರೆದು ಹೇಳಿದ್ದಾರೆ: ಇವನ ಸರಾಸರಿ 1.3, ಟೆಕ್ನಿಷೆಸ್ ಗಿಮ್ನಾಜಿಯಂಗೆ, ಅಂದರೆ ತಾಂತ್ರಿಕ ವಿಷಯದ ಗಿಮ್ನಾಜಿಯಂಗೆ, ಹೋಗಲೇಬೇಕು, ಮೂರು ವರ್ಷದಲ್ಲಿ ಅಬಿಟೂರ್ (ಯೂನಿವರ್ಸಿಟಿ ಸೇರಲು ಬೇಕಾದ ಪರೀಕ್ಷೆ) ಆಗುತ್ತೆ. ಅದು ಬೇರೆ ಊರಲ್ಲಿದೆ. ಮಗ ಒಪ್ಪುತ್ತಿಲ್ಲ. ನಾಲ್ವರೂ ಒಂದೇ ಕಾರ್ಖಾನೆಯಲ್ಲಿ ಮೆಕಾಟ್ರೋನಿಕ್ ಔಸ್‌ಬಿಲ್ಡುಂಗ್ (ಯಂತ್ರ, ವಿದ್ಯುತ್ ಎರಡೂ ಸೇರಿದ ಕಸುಬಿಗೆ ಸಂಬಳದ ತರಬೇತಿ) ಸೇರೋದು ಅಂತ ಮಾತಾಡಿಕೊಂಡಿದ್ದಾರೆ.

ಬರೀ ಹಠ ಆಗಿದ್ದರೆ ನಾನು ಇಷ್ಟು ಯೋಚನೆ ಮಾಡ್ತಿರಲಿಲ್ಲ. ಇರಾಕಿನ ಹುಡುಗನ ಮನೆಯವರಿಗೆ ಇರೋದು ಡುಲ್ಡುಂಗ್ ಮಾತ್ರ. ಸದ್ಯಕ್ಕೆ ಗಡೀಪಾರು ಮಾಡಲ್ಲ ಅನ್ನುವ ಕಾಗದ ಅದು, ವಾಸದ ಹಕ್ಕಲ್ಲ. ತರಬೇತಿ ಸೇರಿದರೆ ಅವನು ಇಲ್ಲಿ ಉಳಿಯಬಹುದು. ಅವನಿಗೆ ಗಣಿತ ಕಷ್ಟ, ಹೇಳಿಕೊಡೋದು ನನ್ನ ಮಗ. "ಅಮ್ಮಾ, ನಾನು ಜೊತೆಗಿಲ್ಲದಿದ್ರೆ ಅವನು ತರಬೇತಿಯ ಬೆರುಫ್ಸ್‌ಶೂಲೆಯಲ್ಲಿ ಫೇಲಾಗ್ತಾನೆ. ಫೇಲಾದ್ರೆ ವಾಪಸ್ ಕಳಿಸ್ತಾರೆ. ಆಮೇಲೆ ಆ ಅಬಿಟೂರ್ ಇಟ್ಕೊಂಡು ನಾನೇನು ಮಾಡ್ಲಿ?" ಅಂದ. ನನಗೆ ಬಾಯಿ ಕಟ್ಟಿತು.

ಅರ್ಜಿಗೆ ಮಾರ್ಚ್ 1 ಕೊನೆ ದಿನ. ಇಂಥ ವಯಸ್ಸಿನ ಮಕ್ಕಳನ್ನು ಇಲ್ಲಿ ಬೆಳೆಸಿದವರು, ಇಲ್ಲೇ ಬೆಳೆದವರು ಏನಾದರೂ ಹೇಳಿ.

ಕಾವೇರಿ_ಫ್ರಾಂಕ್‌ಫರ್ಟ್

ಅಕ್ಕಾ, ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. 1.3 ಬರುವ ಹುಡುಗನನ್ನು ಗಿಮ್ನಾಜಿಯಂಗೆ ಕಳಿಸದೆ ಇರೋದು ಅನ್ಯಾಯ. ಇಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಶೂನ್ಯ ಅನ್ನೋದು ಊರಿನಲ್ಲಿ ಕೂತು ಓದುವವರಿಗೂ ಗೊತ್ತಿರಲಿ. ಹದಿನಾರರ ಗೆಳೆತನ ಇಪ್ಪತ್ತೈದಕ್ಕೆ ಎಷ್ಟು ಉಳಿಯುತ್ತೆ? ಆ ಹುಡುಗನ ವೀಸಾ ನಿಮ್ಮ ಮಗನ ಜವಾಬ್ದಾರಿ ಅಲ್ಲ. ಅಪ್ಪ ಹೇಳೋದೇ ಸರಿ.

ಇನ್ನೊಂದು ವಿಷಯ. ಮಗ ಬಂದು ಐದು ವರ್ಷ ಆಗಿದ್ದರೆ, 16 ತುಂಬಿದ ಮೇಲೆ ಅವನ ಹೆಸರಲ್ಲೇ ನೀಡರ್‌ಲಾಸುಂಗ್ಸ್ ಎರ್‌ಲೌಬ್ನಿಸ್ (ಕಾಯಂ ವಾಸದ ಪರವಾನಗಿ) ಕೇಳಬಹುದು. ವಾಸದ ಕಾನೂನಿನ 35ನೇ ಕಲಂ. ಅದು ಬಂದರೆ ಅಪ್ಪನ ಕೆಲಸದ ಮೇಲೆ ಅವನ ವಾಸ ನಿಂತಿರಲ್ಲ. ಅವನು ಏನೇ ಓದಲಿ, ಇದನ್ನು ಮೊದಲು ಮಾಡಿಸಿ.

ನೆಕ್ಕರ್_ಅಮ್ಮ

35ನೇ ಕಲಂ ಗೊತ್ತಿರಲಿಲ್ಲ, ಧನ್ಯವಾದ. ಆದರೆ "ಜವಾಬ್ದಾರಿ ಅಲ್ಲ" ಅಂತ ಅವನ ಮುಂದೆ ಹೇಳೋಕೆ ನನಗೆ ಬಾಯಿ ಬರಲ್ಲ. ಅವನು ಭಾಷೆ ಬಾರದೆ ಕೂತಿದ್ದಾಗ ಆ ಮಕ್ಕಳೂ ಹಾಗೇ ಅಂದುಕೊಳ್ಳಬಹುದಿತ್ತು.

ಗಣಿತ_ಟೀಚರ್

ನಾನು ಇದೇ ರಾಜ್ಯದಲ್ಲಿ, ಬಾಡೆನ್-ವ್ಯುರ್ಟೆಂಬೆರ್ಗ್‌ನ ಒಂದು ವೃತ್ತಿಶಾಲೆಯಲ್ಲಿ ಪಾಠ ಮಾಡ್ತೀನಿ. ಒಂದೇ ಕಟ್ಟಡದಲ್ಲಿ ಔಸ್‌ಬಿಲ್ಡುಂಗ್ ಮಕ್ಕಳೂ ಇದ್ದಾರೆ, ಬೆರೂಫ್ಲಿಷೆಸ್ ಗಿಮ್ನಾಜಿಯಂ (ಟೆಕ್ನಿಷೆಸ್ ಗಿಮ್ನಾಜಿಯಂ ಇದರದೇ ಒಂದು ಬಗೆ) ಮಕ್ಕಳೂ ಇದ್ದಾರೆ. ದಿನಾ ನೋಡೋದನ್ನೇ ಬರೀತೀನಿ, ಸ್ವಲ್ಪ ಉದ್ದವಾಗುತ್ತೆ.

ಮೊದಲು ಗೆಳೆಯನ ವಿಷಯ, ಯಾಕೆಂದರೆ ನಿಮ್ಮ ಮಗನ ಗಂಟು ಅಲ್ಲಿದೆ. "ಫೇಲಾದರೆ ವಾಪಸ್" ಅಂತ ಅವನು ಅಂದುಕೊಂಡಿದ್ದಾನೆ. ಅದು ಅಷ್ಟು ಸರಳವಿಲ್ಲ. ಡುಲ್ಡುಂಗ್ ಇರುವವರಿಗೆ 2016ರಿಂದ "ಮೂರು ಮತ್ತು ಎರಡು" ಅನ್ನುವ ಏರ್ಪಾಟು ಇದೆ: ತರಬೇತಿ ಮುಗಿಯುವವರೆಗೆ ಗಡೀಪಾರು ಇಲ್ಲ, ಮುಗಿಸಿ ಅದೇ ಕಸುಬಿನಲ್ಲಿ ಕೆಲಸ ಸಿಕ್ಕರೆ ಎರಡು ವರ್ಷದ ವಾಸದ ಪರವಾನಗಿ. ಕೊನೆಯ ಪರೀಕ್ಷೆಯಲ್ಲಿ ನಪಾಸಾದರೆ ಎರಡು ಸಲ ಮತ್ತೆ ಕೂರಬಹುದು. ಹುಡುಗ ಕೇಳಿಕೊಂಡರೆ ಒಪ್ಪಂದವನ್ನು ಮುಂದಿನ ಪರೀಕ್ಷೆಯವರೆಗೆ, ಹೆಚ್ಚೆಂದರೆ ಒಂದು ವರ್ಷ, ಮುಂದುವರಿಸಲೇಬೇಕು. ಇದು ವೃತ್ತಿ ತರಬೇತಿ ಕಾನೂನಿನಲ್ಲೇ ಇದೆ. ನಿಜವಾಗಿ ಎಚ್ಚರದಿಂದ ಇರಬೇಕಾದ್ದು ಶುರುವಿನ ಪ್ರೊಬೆಟ್‌ಸೈಟ್‌ನಲ್ಲಿ. ಒಂದರಿಂದ ನಾಲ್ಕು ತಿಂಗಳ ಆ ಅವಧಿಯಲ್ಲಿ ಕಂಪನಿ ಕಾರಣ ಹೇಳದೆ ತೆಗೆಯಬಹುದು. ಅದಕ್ಕೆ ಬೇಕಾದ್ದು ಗಣಿತಕ್ಕಿಂತ ಹೊತ್ತಿಗೆ ಸರಿಯಾಗಿ ಹೋಗೋದು, ಕಲಿಯುವ ಮನಸ್ಸು ತೋರಿಸೋದು. ಅಕಸ್ಮಾತ್ ತರಬೇತಿ ಮಧ್ಯದಲ್ಲೇ ನಿಂತರೂ ಇನ್ನೊಂದು ಜಾಗ ಹುಡುಕಲು ಒಂದು ಸಲ ಆರು ತಿಂಗಳು ಕೊಡ್ತಾರೆ.

ಪಾಠಕ್ಕೂ ನೆರವಿದೆ. ಆಗೆಂಟೂರ್ ಫ್ಯುರ್ ಆರ್‌ಬೈಟ್‌ನವರು (ಸರ್ಕಾರದ ಕೆಲಸದ ಕಚೇರಿ) ಅಸಿಸ್ಟೀರ್ಟೆ ಔಸ್‌ಬಿಲ್ಡುಂಗ್ ಅಂತ ನಡೆಸ್ತಾರೆ, ತರಬೇತಿಯ ಮಕ್ಕಳಿಗೆ ಪುಕ್ಕಟೆ ಟ್ಯೂಷನ್. ಹುಡುಗನ ಕಾಗದಪತ್ರ ತೆಗೆದುಕೊಂಡು ಹೋಗಿ ಕೇಳಲಿ. ಫೆರಾ ಅಂತ ಇನ್ನೊಂದು ಯೋಜನೆ ಇದೆ, ನಿವೃತ್ತರಾದ ಎಂಜಿನಿಯರು, ಕಸುಬುದಾರರು ಒಬ್ಬೊಬ್ಬ ಹುಡುಗನ ಬೆನ್ನಿಗೆ ನಿಲ್ಲುತ್ತಾರೆ. ನಿಮ್ಮ ಮಗ ಒಬ್ಬನೇ ಹೊತ್ತುಕೊಂಡಿರುವ ಕೆಲಸಕ್ಕೆ ಈ ದೇಶದಲ್ಲಿ ಅದಕ್ಕಂತಲೇ ಜನ ಇದ್ದಾರೆ. ಅವನಿಗೆ ಯಾರೂ ಹೇಳಿಲ್ಲ, ಅಷ್ಟೇ.

ಇನ್ನು ಅವನ ದಾರಿ. ಔಸ್‌ಬಿಲ್ಡುಂಗ್ ಮಾಡಿದರೆ ಓದು ಮುಗಿದುಹೋಯಿತು ಅಂತ ಅಪ್ಪ ಭಯಪಡೋದು ಬೇಡ. ಮೂರೂವರೆ ವರ್ಷ ಮುಗಿಸಿ, ಒಂದು ವರ್ಷ ಬೆರುಫ್ಸ್‌ಕೊಲೆಗ್ ಅನ್ನುವ ಶಾಲೆ ಮಾಡಿದರೆ ಫಾಖ್‌ಹೋಖ್‌ಶೂಲ್‌ರೈಫೆ (ಅನ್ವಯಿಕ ವಿಜ್ಞಾನದ ಕಾಲೇಜು ಸೇರುವ ಅರ್ಹತೆ) ಸಿಗುತ್ತೆ, ಅಲ್ಲಿ ಎಂಜಿನಿಯರಿಂಗ್ ಓದೋಕೆ ಅದು ಸಾಕು. ಆದರೆ ಕಂಡದ್ದನ್ನು ಹೇಳಬೇಕು: ಕೈಗೆ ಸಂಬಳ ಬರೋಕೆ ಶುರುವಾದ ಮೇಲೆ ಮತ್ತೆ ಬೆಂಚಿನ ಮೇಲೆ ಬಂದು ಕೂರುವವರು ಕಡಿಮೆ. ಓದೋಕೆ ಇಷ್ಟವಿರುವ ಹುಡುಗ ಈಗಲೇ ಓದಲಿ ಅನ್ನೋದು ನನ್ನ ಅಭಿಪ್ರಾಯ. ಅಬಿಟೂರ್ ಆದ ಮೇಲೂ ಯಂತ್ರದ ಕೆಲಸವೇ ಇಷ್ಟ ಅಂದರೆ ಡುವಾಲೆ ಹೋಖ್‌ಶೂಲೆ ಇದೆ. ಮೂರು ತಿಂಗಳು ಕಾಲೇಜು, ಮೂರು ತಿಂಗಳು ಕಂಪನಿ, ಸಂಬಳವೂ ಉಂಟು.

ಒಂದು ಕೊನೆಯ ಮಾತು. ಟೆಕ್ನಿಷೆಸ್ ಗಿಮ್ನಾಜಿಯಂಗೆ ಬೇಕಾದ್ದು 1.3 ಅಲ್ಲ. ಜರ್ಮನ್, ಗಣಿತ, ಇಂಗ್ಲಿಷ್ ಮೂರರ ಸರಾಸರಿ 3.0 ಅಥವಾ ಅದಕ್ಕಿಂತ ಉತ್ತಮ ಇದ್ದರೆ ಸಾಕು, ಯಾವುದರಲ್ಲೂ 4ಕ್ಕಿಂತ ಕೆಟ್ಟ ಅಂಕ (5 ಅಥವಾ 6) ಇರಬಾರದು. ಮಿಕ್ಕ ಮೂವರ ಅಂಕ ಎಷ್ಟು ಅಂತ ಯಾರಾದರೂ ನೋಡಿದ್ದೀರಾ?

ಹುಬ್ಬಳ್ಳಿ_ಮೆಕಾಟ್ರೋನಿಕರ್

ಅಕ್ಕಾರ, ನಮಸ್ಕಾರ. ನಾ ಔಸ್‌ಬಿಲ್ಡುಂಗ್ ಮಾಡಾಕಂತನ ಜರ್ಮನಿಗೆ ಬಂದಾಂವ. ಈಗ ಸ್ಟುಟ್‌ಗಾರ್ಟ್ ಸನೇದಾಗ ಕೆಲಸ ಮಾಡಾಕತ್ತೀನಿ. ಇಲ್ಲಿ ಕೆಲವರ ಮಾತು ಓದಿದ್ರ ಔಸ್‌ಬಿಲ್ಡುಂಗ್ ಅಂದ್ರ ಏನೋ ಕಡಿಮಿ ದರ್ಜೆ ಅನ್ನೂ ಹಂಗ ಕಾಣ್ತೈತಿ. ಹಂಗಿಲ್ರಿ. ಮಷೀನು ನಡಸೂ ಪಿಎಲ್‌ಸಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರದು, ಹೈಡ್ರಾಲಿಕ್ಸ್ ಜೋಡ್ಸಿ, ನಿಂತ ಮಷೀನು ನಾವು ಚಾಲು ಮಾಡಿದ್ರನ ಎಂಜಿನಿಯರಿಗೂ ಕೆಲಸ. 2026ರಾಗ ಸೇರಾವ್ರಿಗೆ ಮೊದಲ ವರ್ಷ ತಿಂಗಳಿಗೆ ಕನಿಷ್ಠ 724 ಯೂರೊ ಕೊಡಬೇಕಂತ ಕಾನೂನ ಐತಿ. ಕಂಪನಿ ಲೋಹದ ಉದ್ಯಮದ ಯೂನಿಯನ್ ಒಪ್ಪಂದದಾಗ ಇದ್ರ ಇನ್ನೂ ಭಾಳ ಜಾಸ್ತಿ.

ಆದ್ರ ನಿಮ್ಮ ಹುಡುಗಂಗ ಒಂದು ಪ್ರಶ್ನೆ ಕೇಳ್ರಿ. ದೋಸ್ತರು ಯಾರೂ ಇಲ್ಲದಿದ್ರೂ ಈ ಕೆಲಸ ಮಾಡ್ತೀಯೇನು? ಹೌದಂದ್ರ ಬಿಡ್ರಿ, ಹೋಗ್ಲಿ, ತಲಿ ಎತ್ತಿ ಹೋಗ್ಲಿ. ಇಲ್ಲಂದ್ರ ಮೂರೂವರಿ ವರ್ಷ ಭಾಳ ಉದ್ದ ಆಗ್ತೈತಿ. ಮುಂಜಾನೆ ಆರಕ್ಕ ಶಿಫ್ಟ್ ಇರ್ತೈತಿ. ಇನ್ನೊಂದು, ನಾಕೂ ಮಂದಿಗೆ ಒಂದ ಕಂಪನಿ ಜಾಗಾ ಕೊಡ್ತೈತಿ ಅಂತ ಯಾರು ಹೇಳ್ಯಾರು? ಕೊಟ್ರೂ ಬ್ಯಾರೆ ಬ್ಯಾರೆ ವಿಭಾಗಕ್ಕ ಹಾಕ್ತಾರ.

ಹಳೇ_ಓದುಗ_ಬರ್ಲಿನ್

ಇದನ್ನೆಲ್ಲ ಓದುತ್ತಾ ನನಗೆ ಬಂದ ಸಿಟ್ಟು ಹುಡುಗನ ಮೇಲೂ ಅಲ್ಲ, ಅಪ್ಪನ ಮೇಲೂ ಅಲ್ಲ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದೊಡನೆ, ಹತ್ತು ವರ್ಷದ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುವ ಪದ್ಧತಿಯ ಮೇಲೆ. ನಮ್ಮ ಬರ್ಲಿನ್, ಪಕ್ಕದ ಬ್ರಾಂಡೆನ್‌ಬುರ್ಗ್‌ಗಳಲ್ಲಿ ಮಾತ್ರ ಆರನೇ ತರಗತಿವರೆಗೆ ಒಟ್ಟಿಗೆ ಓದ್ತಾರೆ. 2001ರ ಕೊನೆಗೆ ಮೊದಲ ಪೀಸಾ (ಹದಿನೈದರ ಮಕ್ಕಳ ಕಲಿಕೆಯನ್ನು ದೇಶ ದೇಶಗಳ ನಡುವೆ ಹೋಲಿಸುವ ಪರೀಕ್ಷೆ) ಫಲಿತಾಂಶ ಬಂದಾಗ ಈ ದೇಶ ತಲ್ಲಣಿಸಿದ್ದು ಯಾಕೆ? ಮಗುವಿನ ಕಲಿಕೆ ಅಪ್ಪ ಅಮ್ಮನ ಸ್ಥಿತಿಗೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿರುವ ದೇಶಗಳಲ್ಲಿ ಜರ್ಮನಿ ಮುಂದಿದೆ ಅಂತ ಕಂಡದ್ದರಿಂದ.

ಆ ಟರ್ಕಿ ಹುಡುಗನ ಅಜ್ಜ, ಕೆಲಸಗಾರರನ್ನು ಕರೆಸಿಕೊಳ್ಳಲು ಜರ್ಮನಿ ಟರ್ಕಿ ಜೊತೆ ಮಾಡಿಕೊಂಡ 1961ರ ಒಪ್ಪಂದದ ಮೇಲೆ ಬಂದವರೇ ಇರಬೇಕು. ಕೆಲಸಕ್ಕೆ ಕರೆದರು, ಮಕ್ಕಳ ಓದಿನ ಬಗ್ಗೆ ಯೋಚನೆಯೇ ಇರಲಿಲ್ಲ. ನಿಮ್ಮ ರಾಜ್ಯದ್ದೇ ಉದಾಹರಣೆ, ರಾಜಕಾರಣಿ ಜೆಮ್ ಓಜ್ದೆಮಿರ್. 1965ರಲ್ಲಿ ಬಾಡ್ ಉರಾಖ್‌ನಲ್ಲಿ ಇಂಥದ್ದೇ ಕೂಲಿ ಮನೆಯಲ್ಲಿ ಹುಟ್ಟಿದವರು. ಮೊದಲು ಶಿಶುಪಾಲನೆಯ ಔಸ್‌ಬಿಲ್ಡುಂಗ್, ಆಮೇಲೆ ಫಾಖ್‌ಹೋಖ್‌ಶೂಲ್‌ರೈಫೆ, ಆಮೇಲೆ ರಾಯ್ಟ್‌ಲಿಂಗೆನ್‌ನಲ್ಲಿ ಸಮಾಜಕಾರ್ಯದ ಓದು. 1994ರಲ್ಲಿ ದೇಶದ ಸಂಸತ್ತು ಬುಂಡೆಸ್ಟಾಗ್‌ಗೆ ಆಯ್ಕೆಯಾದರು, 2021ರಲ್ಲಿ ಕೃಷಿ ಮಂತ್ರಿಯಾದರು. ಸುತ್ತಿನ ದಾರಿ ದಾರಿಯೇ ಅಲ್ಲ ಅಂತ ಯಾರೂ ಹೇಳಬಾರದು.

ಕಾವೇರಿ_ಫ್ರಾಂಕ್‌ಫರ್ಟ್

ಸರ್, ಒಬ್ಬ ಓಜ್ದೆಮಿರ್‌ನ ತೋರಿಸಿ ಸುತ್ತಿನ ದಾರಿ ಹಿಡಿ ಅಂತ ಹೇಳೋದು ಸುಲಭ. ಪದ್ಧತಿ ತಪ್ಪು, ಒಪ್ಪಿದೆ. ಆದರೆ ಮಾರ್ಚ್ 1ರೊಳಗೆ ಪದ್ಧತಿ ಬದಲಾಗಲ್ಲ. ಹುಡುಗ ಅರ್ಜಿ ಹಾಕಬೇಕೋ ಬೇಡವೋ, ಅದನ್ನು ಹೇಳಿ.

ಹಳೇ_ಓದುಗ_ಬರ್ಲಿನ್

ಹಾಕಬೇಕು. ಅದರಲ್ಲಿ ನನಗೂ ನಿಮಗೂ ಜಗಳವಿಲ್ಲ.

ಇಸಾರ್_ಹುಡುಗಿ

ಆಂಟಿ, ನಾನು ನಿಮ್ಮ ಮಗನ ಕಡೆಯಿಂದ ಬರೀತೀನಿ. ಹನ್ನೆರಡಕ್ಕೆ ಮ್ಯೂನಿಕ್‌ಗೆ ಬಂದೆ, ರಿಯಾಲ್‌ಶೂಲೆ ಮುಗಿಸಿ ಫಾಖ್‌ಓಬರ್‌ಶೂಲೆ ಅನ್ನುವ ಮೇಲಿನ ಶಾಲೆಗೆ ಹೋದೆ, ಹದಿಮೂರನೇ ತರಗತಿವರೆಗೆ ಓದಿ ಪೂರ್ತಿ ಅಬಿಟೂರ್ ತಗೊಂಡೆ, ಈಗ ಯೂನಿವರ್ಸಿಟಿಯಲ್ಲಿದ್ದೀನಿ. ಎಲ್ಲರೂ ಹೇಳುವ ಲೆಕ್ಕದಲ್ಲಿ ನಾನು ಸರಿಯಾದ್ದನ್ನೇ ಮಾಡಿದವಳು. ಹೋಗಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಆದರೆ ಹೋದ ರೀತಿ ಇನ್ನೂ ನೋಯಿಸುತ್ತೆ.

ನನಗೂ ಇಬ್ಬರು ಗೆಳತಿಯರಿದ್ದರು. ಒಬ್ಬಳು ಡಾಕ್ಟರ ಕ್ಲಿನಿಕ್‌ನಲ್ಲಿ ತರಬೇತಿ ಸೇರಿದಳು, ಇನ್ನೊಬ್ಬಳು ಅಂಗಡಿಯಲ್ಲಿ. ನಾವು ಜಗಳ ಆಡಲಿಲ್ಲ. ಅವರಿಗೆ ಬೆಳಿಗ್ಗೆ ಬೇಗ ಏಳಬೇಕಿತ್ತು, ನನಗೆ ಪರೀಕ್ಷೆ ಇರ್ತಿತ್ತು, ಅವರ ಕೈಯಲ್ಲಿ ದುಡ್ಡಿತ್ತು, ನನ್ನ ಹತ್ತಿರ ಇರಲಿಲ್ಲ. ಹೀಗೇ ಸಿಗೋದು ನಿಂತುಹೋಯ್ತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ, "ಈಗ ಒಳ್ಳೆ ಹುಡುಗಿಯರ ಜೊತೆ ಸೇರಿದ್ದಾಳೆ" ಅಂದರು. ನನಗೆ ಜ್ವರ ಬಂದಾಗ ಹೋಮ್‌ವರ್ಕ್ ತಂದುಕೊಡ್ತಿದ್ದವರು, ನನ್ನ ಜರ್ಮನ್ ತಿದ್ದಿದವರು ಒಳ್ಳೆಯವರಲ್ಲ ಅಂತ ಅರ್ಥ ಆಯ್ತಲ್ಲ! ಆ ಮಾತು ಕೇಳಿದ ಮೇಲೆ ಅವರ ಬಗ್ಗೆ ಮನೆಯಲ್ಲಿ ಏನೂ ಹೇಳಲಿಲ್ಲ. ಕಳೆದುಕೊಂಡ ದುಃಖವನ್ನೂ ಹೇಳಿಕೊಳ್ಳಲಿಲ್ಲ. ದಯವಿಟ್ಟು ನಿಮ್ಮ ಮನೆಯಲ್ಲಿ ಆ ಮಾತು ಬರದ ಹಾಗೆ ನೋಡಿಕೊಳ್ಳಿ. ಅಂಕಲ್‌ಗೂ ಹೇಳಿ.

ಇನ್ನೊಂದು, ನಿಮ್ಮ ಮಗ ಬಾಯಿ ಬಿಟ್ಟು ಹೇಳಿರಲ್ಲ. ಅವನ ಮುಂದೆ ಎರಡು ದಾರಿ ಇದೆ, ಗೆಳೆಯನಿಗೆ ಒಂದೇ. ಇದು ಅವನಿಗೆ ಚೆನ್ನಾಗಿ ಗೊತ್ತು, ಅದಕ್ಕೆ ನಾಚಿಕೆ ಪಡ್ತಿದ್ದಾನೆ. ಒಂದೇ ಬೆಂಚಿನಲ್ಲಿ ಭಾಷೆ ಕಲಿತವರು, ಒಂದೇ ಬೈಗುಳ ಕೇಳಿದವರು. ಆದರೆ ಒಬ್ಬನ ಅಪ್ಪನಿಗೆ ಬ್ಲೂ ಕಾರ್ಡ್, ಇನ್ನೊಬ್ಬನ ಅಪ್ಪನಿಗೆ ಡುಲ್ಡುಂಗ್. ಆ ವ್ಯತ್ಯಾಸವನ್ನು ತಾನೇ ಅಳಿಸಿಬಿಡಬೇಕು ಅಂತ ಅವನಿಗೆ. ತಾನೂ ಅಲ್ಲೇ ಉಳಿದರೆ ಸಮ ಆಗುತ್ತೆ ಅಂತ. ಹದಿನಾರಕ್ಕೆ ನಾನೂ ಹಾಗೇ ಯೋಚನೆ ಮಾಡಿದ್ದೆ, ಆದರೆ ನನಗೆ ಅವನಷ್ಟು ಧೈರ್ಯ ಇರಲಿಲ್ಲ.

ಹೋಗು ಅಂತಲೂ ಬೇಡ, ಉಳಿ ಅಂತಲೂ ಬೇಡ. "ನೀನು ಅವನಿಗೆ ಏನೇನು ಮಾಡ್ತಿದ್ದೀಯ, ಹೇಳು" ಅಂತ ಕೇಳಿ. ಪೂರ್ತಿ ಹೇಳಲಿ. ಟೀಚರ್ ಮೇಡಂ ಹೇಳಿದ ಟ್ಯೂಷನ್, ಆ ಹಿರಿಯರು, ಅದನ್ನೆಲ್ಲ ಅವನ ಜೊತೆ ಕೂತು ಹುಡುಕಿ. ನೀವು ಅವನ ಗೆಳೆಯನಿಗಾಗಿ ಓಡಾಡೋದು ಅವನು ಕಣ್ಣಾರೆ ನೋಡಬೇಕು. ಗಣಿತ ಹೇಳಿಕೊಡೋದನ್ನು ನಿಲ್ಲಿಸು ಅಂತ ಮಾತ್ರ ಯಾವತ್ತೂ ಹೇಳಬೇಡಿ. ಗಿಮ್ನಾಜಿಯಂಗೆ ಹೋಗ್ತಾ ವಾರಕ್ಕೊಂದು ಸಂಜೆ ಅದಕ್ಕೆ ಇಡಬಹುದು. ನನಗೆ ಆ ಒಂದು ಸಂಜೆ ಇದ್ದಿದ್ದರೆ ಇಬ್ಬರೂ ಉಳೀತಿದ್ದರೇನೋ.

ನೆಕ್ಕರ್_ಅಮ್ಮ

ನಿನ್ನ ಮಾತನ್ನು ಅವನ ಅಪ್ಪನಿಗೆ ಓದಿ ಹೇಳಿದೆ ಕಣಮ್ಮಾ. ಅವರು ಸುಮ್ಮನೆ ಕೇಳಿದರು. ಸಂಜೆ ಮಗನ ಕೋಣೆಗೆ ಹೋಗಿ ಕೂತರು.

ಗಣಿತ_ಟೀಚರ್

ಇಸಾರ್ ಹುಡುಗಿ ಬರೆದದ್ದನ್ನು ನಮ್ಮ ಶಾಲೆಯ ಸಹೋದ್ಯೋಗಿಗಳೆಲ್ಲ ಓದಬೇಕು. ಅಂಕ ನೋಡಿ ಮಕ್ಕಳಿಗೆ ದಾರಿ ಹೇಳ್ತೀವಿ, ಅವರು ಯಾರನ್ನು ಬಿಟ್ಟು ಬರ್ತಿದ್ದಾರೆ ಅಂತ ಕೇಳೋದೇ ಇಲ್ಲ.

ನೆಕ್ಕರ್_ಅಮ್ಮ

ಎಲ್ಲರಿಗೂ ಈಗಿನ ಪರಿಸ್ಥಿತಿ ತಿಳಿಸೋಣ ಅಂತ ಬರೀತಿದ್ದೀನಿ. ಎಲ್ಲ ಸರಿಹೋಯ್ತು ಅಂತ ಹೇಳಲಾರೆ.

ಇರಾಕಿನ ಹುಡುಗನ ತಾಯಿಯನ್ನು ಮನೆಗೆ ಕರೆದೆ. ಅವರಿಗೆ ಜರ್ಮನ್ ಕಡಿಮೆ, ಮಗಳು ಅನುವಾದ ಮಾಡಿದಳು. ಕಾರ್ಖಾನೆಯ ಒಪ್ಪಂದಕ್ಕೆ ಅವನ ಸಹಿ ಆಗಿದೆಯಂತೆ, ಸೆಪ್ಟೆಂಬರ್ 1ಕ್ಕೆ ಶುರು. ಎರಡು ಸಲ ಪರೀಕ್ಷೆಗೆ ಮತ್ತೆ ಕೂರಬಹುದು, ಒಂದು ವರ್ಷ ಮುಂದುವರಿಸಬಹುದು ಅನ್ನೋದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಾಯಿ ಅದನ್ನು ಮಗಳ ಹತ್ತಿರ ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಂಡರು. ಕೆಲಸದ ಕಚೇರಿಗೆ ಟ್ಯೂಷನ್ ವಿಚಾರ ಕೇಳಲು ನಾನೂ ಅವರ ಜೊತೆ ಹೋಗ್ತಿದ್ದೀನಿ, ಭೇಟಿಯ ದಿನ ಗೊತ್ತಾಗಿದೆ.

ಆದರೆ ಮಕ್ಕಳ ನಡುವೆ ಮಾತು ಬಂದಿದೆ. ಗಿಮ್ನಾಜಿಯಂ ವಿಷಯವನ್ನು ಮಗ ತಾನಾಗಿಯೇ ಗೆಳೆಯನಿಗೆ ಹೇಳಿದ. ಅವನು, "ನೀವು ಬ್ಲೂ ಕಾರ್ಡ್‌ನವರು, ಯಾವತ್ತಿದ್ರೂ ಮೇಲೆ ಹೋಗೋರೇ" ಅಂದನಂತೆ. ಮಗ ಊಟ ಮಾಡಲಿಲ್ಲ. ಸಮಾಧಾನ ಹೇಳೋಕೆ ನನಗೆ ಬರಲಿಲ್ಲ, ಯಾಕೆಂದರೆ ಆ ಹುಡುಗ ಹೇಳಿದ್ದರಲ್ಲಿ ಸುಳ್ಳೇನಿದೆ? ಆಮೇಲೆ ಗಣಿತದ ಪುಸ್ತಕ ಹಿಡಿದು ಮಗನೇ ಅವರ ಮನೆಗೆ ಹೋದ. ಈಗ ಹೋಗಿ ಬರ್ತಿದ್ದಾನೆ. ಏನು ಮಾತಾಡಿಕೊಂಡರು ಅಂತ ನಾನು ಕೇಳಿಲ್ಲ.

ಟೀಚರ್ ಮೇಡಂ, ನೀವು ಕೊನೆಗೆ ಕೇಳಿದ ಪ್ರಶ್ನೆಯಿಂದ ಒಂದು ದೊಡ್ಡ ಸಂಗತಿ ಆಯ್ತು. ಟರ್ಕಿ ಮನೆಯ ಹುಡುಗನಿಗೆ ಜರ್ಮನ್‌ನಲ್ಲಿ 3, ಗಣಿತದಲ್ಲಿ 3, ಇಂಗ್ಲಿಷ್‌ನಲ್ಲಿ 2. ನೀವು ಹೇಳಿದ ಲೆಕ್ಕದಲ್ಲಿ ಅವನಿಗೂ ಅರ್ಹತೆ ಇದೆ! ಗಿಮ್ನಾಜಿಯಂ ಅನ್ನುವ ಹೆಸರನ್ನು ಅವನ ಮುಂದೆ ಯಾರೂ ಎತ್ತಿರಲೇ ಇಲ್ಲ, ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಅವನ ತಂದೆಗೆ ಮೊದಲು ನಂಬಿಕೆ ಬರಲಿಲ್ಲ. ನನ್ನ ಮಗ ನಮ್ಮ ಅಡುಗೆಮನೆ ಮೇಜಿನ ಮೇಲೆ ಕೂತು ಅವನ ಅರ್ಜಿ ತುಂಬಿಸಿದ, ಆಮೇಲೆ ತನ್ನದೂ ತುಂಬಿದ. ಜಾಗ ಕಡಿಮೆ ಇದ್ದರೆ ಅಂಕದ ಮೇಲೆ ಆರಿಸ್ತಾರೆ, ಹಾಗಾಗಿ ಗೆಳೆಯನಿಗೆ ಸಿಗುತ್ತೋ ಇಲ್ಲವೋ ಗೊತ್ತಿಲ್ಲ. ಕಾರ್ಖಾನೆಗೆ ಹಾಕಿದ ಅರ್ಜಿಯನ್ನು ನನ್ನ ಮಗ ವಾಪಸ್ ತಗೊಂಡಿಲ್ಲ. ಅದು ಹಾಗೇ ಇರಲಿ, ಎರಡೂ ಕಡೆಯ ಉತ್ತರ ಬಂದ ಮೇಲೆ ಅವನೇ ಹೇಳಲಿ ಅಂತ ಅವನ ಅಪ್ಪನೂ ಒಪ್ಪಿದ್ದಾರೆ. ಕ್ರೊಯೇಷಿಯಾದ ಹುಡುಗನಿಗೆ ಯಾವ ಗೊಂದಲವೂ ಇಲ್ಲ, ಅವನಿಗೆ ಯಂತ್ರದ ಕೆಲಸವೇ ಬೇಕು.

ಈಗ ಎರಡು ವಿಷಯ ಕೇಳಬೇಕಿತ್ತು. ರಿಯಾಲ್‌ಶೂಲೆಯಲ್ಲಿ ಎರಡನೇ ವಿದೇಶಿ ಭಾಷೆ ಓದದವರು ಅಲ್ಲಿ ಹೊಸದಾಗಿ ಶುರು ಮಾಡಬೇಕಂತೆ, ಇಬ್ಬರಿಗೂ ಅದರದೇ ಚಿಂತೆ. ಮತ್ತೆ, ಆ ಫೆರಾ ಯೋಜನೆಯ ಹಿರಿಯರು ಸಿಗೋಕೆ ಎಷ್ಟು ಸಮಯ ಹಿಡಿಯುತ್ತೆ? ಇರಾಕಿನ ಹುಡುಗನಿಗೆ ಮೊದಲ ತಿಂಗಳಿಂದಲೇ ಯಾರಾದರೂ ಇದ್ದರೆ ಒಳ್ಳೇದಿತ್ತು.

ಗಣಿತ_ಟೀಚರ್

ಭಾಷೆ ಮೊದಲಕ್ಷರದಿಂದ ಶುರುವಾಗುತ್ತೆ, ತರಗತಿಯಲ್ಲಿ ಬಹಳ ಮಕ್ಕಳು ಅದೇ ಸ್ಥಿತಿಯಲ್ಲಿರ್ತಾರೆ. ಹತ್ತು ವರ್ಷಕ್ಕೆ ಜರ್ಮನ್ ಕಲಿತ ಹುಡುಗನಿಗೆ ಅದು ಭಾರ ಆಗಲ್ಲ. ಇಬ್ಬರೂ ಒಂದೇ ಭಾಷೆ ಆರಿಸಿಕೊಳ್ಳಲಿ. ಫೆರಾಕ್ಕೆ ತರಬೇತಿ ಶುರುವಾದ ಕೂಡಲೇ ಅವನೇ ಅರ್ಜಿ ಹಾಕಬಹುದು. ಯಾರನ್ನು ಕೊಡ್ತಾರೆ ಅನ್ನೋದು ಊರಿನ ಮೇಲೆ ನಿಂತಿದೆ.

ಹುಬ್ಬಳ್ಳಿ_ಮೆಕಾಟ್ರೋನಿಕರ್

ಅಕ್ಕಾರ, ಅಲ್ಲೀತನ ಯಾಕ ಕಾಯ್ತೀರಿ? ನಾ ಇರೂದು ನಿಮ್ಮ ಸೀಮಿದಾಗನ. ಮೆಕಾಟ್ರೋನಿಕ್‌ದಾಗ ಎರಡನೇ ವರ್ಷ ಮುಗಿಯೂದ್ರಾಗ ಪರೀಕ್ಷಾದ ಮೊದಲ ಭಾಗ ಬರ್ತೈತಿ, ಒಟ್ಟು ಫಲಿತಾಂಶದಾಗ ಅದರ ಪಾಲು 40 ಪರ್ಸೆಂಟ್. ಅಲ್ಲೇ ಹುಡುಗ್ರು ಎಡವೂದು. ನನ್ನ ಹಳೇ ಪುಸ್ತಕ, ಬಿಡಿಸಿದ ಪ್ರಶ್ನೆಪತ್ರಿಕೆ ಎಲ್ಲಾ ಇಟ್ಟೀನಿ. ಶನಿವಾರ ನಂಗ ಸೂಟಿ ಇರ್ತೈತಿ. ಹುಡುಗಂದು, ಅವ್ರ ಮನ್ಯಾಗಿನವ್ರದು ಒಪ್ಪಿಗಿ ಇದ್ರ ಖಾಸಗಿ ಸಂದೇಶದಾಗ ವಿಳಾಸ ಕಳ್ಸ್ರಿ. ಕ್ರೊಯೇಷಿಯಾದ ಹುಡುಗನ್ನೂ ಕರ್ಕೊಂಡು ಬರಾಕ ಹೇಳ್ರಿ.